ಎದುರುಮನೆಯ ಹಸಿರು ಕಾರು ಯಾವುದು?

ಪ್ರಶ್ನೆ: ಮಗಳ ಮನೆಗೆ ಅಂತ ಇಂಗ್ಲೆಂಡಿಗೆ ಬಂದು ಎರಡು ತಿಂಗಳಾಯಿತು. ಎದುರುಮನೆಯವರ ಹತ್ತಿರ ಕಡುಹಸಿರು ಬಣ್ಣದ ಒಂದು ಹಳೇ ಕಾಲದ ಕಾರಿದೆ. ಎರಡೇ ಸೀಟು, ಉದ್ದ ಬಾನೆಟ್, ಹೊರಗೆ ಎದ್ದು ನಿಂತ ಹೆಡ್‌ಲೈಟು. ಮುಂದಿನ ಮಡ್‌ಗಾರ್ಡ್ ಬಾಗಿ ಇಳಿದು ಬಾಗಿಲ ಕೆಳಗೆ ಫುಟ್‌ಬೋರ್ಡ್ ಆಗುತ್ತದೆ. ಎಲ್ಲೂ ಹೆಸರಿಲ್ಲ. ಅಳಿಯ ಮಾರ್ಗನ್ ಅನ್ನುತ್ತಾರೆ, ನನಗೆ 1950ರ ಸುಮಾರಿನ ಎಂಜಿ ಅನಿಸುತ್ತದೆ. ನಂಬರಿನ ಕೊನೆಗೆ ‘ಟಿ’ ಅಕ್ಷರವಿದೆ. ಬಾಗಿಲ ಗ್ಲಾಸನ್ನು ಹಿಡಿ ತಿರುಗಿಸಿ ಏರಿಸುತ್ತಾರೆ. ಮೊನ್ನೆ ತೊಳೆಯುವಾಗ ಮಡ್‌ಗಾರ್ಡ್ ತಟ್ಟಿ ನೋಡಿದೆ, ತಗಡಿನ ಸದ್ದೇ ಬರಲಿಲ್ಲ.
– ನಿವೃತ್ತ ಮೇಷ್ಟ್ರು, ಹಾಸನ

ಉತ್ತರ: ಮೇಷ್ಟ್ರೇ, ಮಡ್‌ಗಾರ್ಡ್ ತಟ್ಟಿ ನೋಡಿದ್ದು ಬಹಳ ಒಳ್ಳೆಯದಾಯಿತು. ಅರ್ಧ ಉತ್ತರ ಅಲ್ಲೇ ಇದೆ.

ಮೊದಲು ನಂಬರ್ ಪ್ಲೇಟ್ ನೋಡೋಣ. ಬ್ರಿಟನ್ನಿನಲ್ಲಿ 1963ರಿಂದ 1983ರವರೆಗೆ ನಂಬರಿನ ಕೊನೆಯ ಅಕ್ಷರ ಕಾರಿನ ವಯಸ್ಸು ಹೇಳುತ್ತಿತ್ತು. ‘ಟಿ’ ಅಂದರೆ 1978ರ ಆಗಸ್ಟಿನಿಂದ 1979ರ ಜುಲೈವರೆಗೆ. ಅಲ್ಲಿ ಹೊಸ ಕಾರಿಗೆ ಹಳೇ ನಂಬರ್ ಹಾಕಿಸಿಕೊಳ್ಳಬಹುದು, ಆದರೆ ಹಳೇ ಕಾರನ್ನು ಹೊಸದರಂತೆ ತೋರಿಸುವ ನಂಬರ್ ಹಾಕುವ ಹಾಗಿಲ್ಲ. ಹಾಗಾಗಿ 1950ರ ಎಂಜಿ ಅನ್ನೋದನ್ನು ಬಿಟ್ಟುಬಿಡಿ.

ಅಳಿಯನವರ ಊಹೆ ತಪ್ಪಾದರೂ ದೂರದ್ದಲ್ಲ. ಮಾಲ್ವರ್ನ್ ಊರಿನ ಮಾರ್ಗನ್ ಕಂಪನಿ 1936ರಲ್ಲಿ ಶುರುಮಾಡಿದ ರೂಪವನ್ನೇ ಹೆಚ್ಚುಕಡಿಮೆ ಉಳಿಸಿಕೊಂಡು ಬಂತು, ಬಾಡಿಯ ಒಳಗೆ ಆಶ್ ಮರದ ಚೌಕಟ್ಟು ಕೂಡಿಸಿ, ಮೇಲೆ ತಗಡು ಹೊದಿಸುವುದನ್ನೂ ಬಿಡಲಿಲ್ಲ. ಆದರೆ 1978–79ರ ಸುಮಾರಿನ ಎರಡು ಸೀಟಿನ ಮಾರ್ಗನ್ನಿನಲ್ಲಿ ಏರಿಸಿ ಇಳಿಸುವ ಗ್ಲಾಸ್ ಇರಲಿಲ್ಲ. ಮಳೆ ಬಂದರೆ ಬಾಗಿಲ ಮೇಲೆ ಬೇರೆ ಪರದೆ ಸಿಕ್ಕಿಸಬೇಕಿತ್ತು. ಮಡ್‌ಗಾರ್ಡೂ ಲೋಹದ್ದೇ, ತಟ್ಟಿದರೆ ಗೊತ್ತಾಗುತ್ತಿತ್ತು.

ನನ್ನ ಪ್ರಕಾರ ನೀವು ನೋಡಿದ್ದು ಪ್ಯಾಂಥರ್ ಲೀಮಾ. ರಾಬರ್ಟ್ ಜಾಂಕೆಲ್ ಎಂಬುವರು 1972ರಲ್ಲಿ ಸರ್ರೆಯಲ್ಲಿ ಪ್ಯಾಂಥರ್ ಕಂಪನಿ ಕಟ್ಟಿದರು. ಮೊದಲು ಮಾಡಿದ್ದು ಎರಡನೇ ಮಹಾಯುದ್ಧಕ್ಕೂ ಮುಂಚಿನ ಎಸ್‌ಎಸ್ 100 ಎಂಬ ಸ್ಪೋರ್ಟ್ಸ್ ಕಾರನ್ನು ಹೋಲುವ ದುಬಾರಿ ಜೆ72. ಅಷ್ಟು ದುಡ್ಡಿಲ್ಲದವರಿಗೆ ಅಂತ 1976ರಲ್ಲಿ ಲೀಮಾ ಬಂತು. ಬಾಡಿ ಫೈಬರ್‌ಗ್ಲಾಸ್, ಅದಕ್ಕೇ ತಗಡಿನ ಸದ್ದು ಬರಲಿಲ್ಲ. ಎಂಜಿನ್ ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯ ಮ್ಯಾಗ್ನಂ ಕಾರಿನ 2279 ಸಿಸಿಯದು. ಬಾಗಿಲು ಮತ್ತು ಮುಂದಿನ ಗ್ಲಾಸು ಎಂಜಿ ಮಿಡ್ಜೆಟ್‌ನಿಂದ ತಂದದ್ದು! ಹಾಗಾಗಿಯೇ ಹಳೇ ಮುಖದ ಕಾರಿಗೆ ಗ್ಲಾಸ್ ಏರಿಸುವ ಹಿಡಿ. ನಿಮಗೆ ಎಂಜಿ ಅನಿಸಿದ್ದರಲ್ಲೂ ಸ್ವಲ್ಪ ನಿಜ ಇತ್ತು ಅಲ್ವಾ? ವಾಕ್ಸ್‌ಹಾಲ್ ಕೂಡ ನಮಗೆ ಪೂರ್ತಿ ಹೊರಗಿನದಲ್ಲ, ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಸಾಹುಕಾರರ ಕಾರು ಅನಿಸಿಕೊಂಡಿದ್ದ ಕಾಂಟೆಸ್ಸಾದ ಬಾಡಿ ಅವರ ಕಾರಿನದ್ದೇ.

ಹಲವರು ಇಂಥ ಕಾರನ್ನು ಸುಮ್ನೆ ನಕಲು ಅಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಬೇರೆ ಬೇರೆ ಕಡೆಯ ಸಾಮಾನು ಜೋಡಿಸಿ, ಅಷ್ಟು ಚೆಂದದ ಗೆರೆ ಕೂಡಿಸಿ, ಮಳೆಯಲ್ಲಿ ಗ್ಲಾಸ್ ಏರಿಸಿಕೊಂಡು ಹೋಗುವಂಥ ಕಾರು ಕೊಟ್ಟರು. ಸಾವಿರಕ್ಕಿಂತ ಕಡಿಮೆ ಲೀಮಾಗಳು ಹೊರಬಂದವು. 1980ರಲ್ಲಿ ಕಂಪನಿ ಕೊರಿಯಾದವರ ಕೈಗೆ ಹೋಯಿತು, 1982ರಲ್ಲಿ ಇದರ ಜಾಗಕ್ಕೆ ಕಲಿಸ್ಟಾ ಬಂತು. ನೋಡಲು ಅಣ್ಣತಮ್ಮಂದಿರಂತೆ ಇವೆ, ಆದರೆ ಕಲಿಸ್ಟಾದ್ದು ಅಲ್ಯುಮಿನಿಯಂ ಬಾಡಿ, ಫೋರ್ಡ್ ಎಂಜಿನ್.

ಖಾತ್ರಿ ಮಾಡಿಕೊಳ್ಳಬೇಕೆಂದರೆ ಒಂದು ಸುಲಭದ ದಾರಿ ಇದೆ. ವಾಹನಗಳ ಲೆಕ್ಕ ಇಡುವ ಡಿವಿಎಲ್‌ಎ ಇಲಾಖೆಯ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಕಂಪನಿ, ತಯಾರಾದ ವರ್ಷ, ಎಂಜಿನ್ ಸಿಸಿ ಪುಕ್ಕಟೆ ಸಿಗುತ್ತದೆ. ಆದರೆ ಮುಂದಿನ ಸಲ ಅವರು ಕಾರು ತೊಳೆಯುವಾಗ ನೀವೇ ಹೋಗಿ ಬಾನೆಟ್ ತೆಗೆಸಿ ನೋಡಿ, ನನಗೆ ಅದೇ ಜಾಸ್ತಿ ಇಷ್ಟ. ವಾಕ್ಸ್‌ಹಾಲಿನ ಈ ಎಂಜಿನ್ ನೆಟ್ಟಗೆ ನಿಂತಿರುವುದಿಲ್ಲ, 45 ಡಿಗ್ರಿ ಪಕ್ಕಕ್ಕೆ ವಾಲಿಕೊಂಡಿರುತ್ತದೆ. ಹಾಗೆ ಕಂಡರೆ ಲೀಮಾನೇ. ಒಂದು ಫೋಟೋ ನನಗೂ ಕಳಿಸಿ.