ಕಿಡ್ನಿ ಕಾಯಿಲೆ ಇದ್ದವರಿಗೆ ವ್ಯಾಯಾಮ ಬೇಕೆ, ಕ್ಯಾಲ್ಸಿಯಂ ಮಾತ್ರೆ ಬೇಕೆ?

ಪ್ರಶ್ನೆ: ನನಗೆ 58 ವರ್ಷ. ಕಿಡ್ನಿ ಕಾಯಿಲೆ ಮೂರನೇ ಹಂತದಲ್ಲಿದೆ, ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಳತೆ) 38. ಮೂಳೆ ಗಟ್ಟಿಯಾಗಲೆಂದು ವ್ಯಾಯಾಮ ಶುರು ಮಾಡಿದ್ದೇನೆ. ‘ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) ಏರುತ್ತೆ, ಕ್ಯಾಲ್ಸಿಯಂ ಮಾತ್ರೆ ತಗೊಂಡ್ರೆ ಸಾಕು’ ಅಂತ ಮನೆಯವರ ತಕರಾರು. ಏನು ಮಾಡಲಿ?

ಉತ್ತರ: ವ್ಯಾಯಾಮ ನಿಲ್ಲಿಸಬೇಡಿ. ವೈದ್ಯರು ಹೇಳದೆ ಕ್ಯಾಲ್ಸಿಯಂ ಮಾತ್ರೆ ನುಂಗಲೂ ಬೇಡಿ.

ವಿಟಮಿನ್ ಡಿಯನ್ನು ದೇಹ ಬಳಸಿಕೊಳ್ಳುವ ರೂಪಕ್ಕೆ ತರುವುದು, ಹೆಚ್ಚಾದ ರಂಜಕವನ್ನು ಹೊರಹಾಕುವುದು ಮುಖ್ಯವಾಗಿ ಕಿಡ್ನಿಯ ಕೆಲಸ. ಅದು ಸೋತಾಗ, ರಕ್ತದ ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯತೊಡಗುತ್ತದೆ. ಕೆಲವರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಮೂಳೆ ತನ್ನನ್ನು ತಾನು ನವೀಕರಿಸಿಕೊಳ್ಳುವುದೇ ಬಹುತೇಕ ನಿಂತುಹೋಗುತ್ತದೆ. ಎರಡರಲ್ಲೂ ಮೂಳೆ ಮುರಿಯುವ ಭಯವಿದೆ, ಚಿಕಿತ್ಸೆ ಮಾತ್ರ ಬೇರೆ ಬೇರೆ. ಹೀಗಿರುವಾಗ ಲೆಕ್ಕವಿಲ್ಲದೆ ನುಂಗಿದ ಕ್ಯಾಲ್ಸಿಯಂ ಮೂಳೆ ಸೇರುವ ಬದಲು ರಕ್ತನಾಳಗಳ ಗೋಡೆಯಲ್ಲಿ ಕೂರಬಹುದು. ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನು ಎಷ್ಟಿದೆ ಎಂದು ನೋಡಿದ ಮೇಲಷ್ಟೇ ಮಾತ್ರೆಯ ಮಾತು.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಭಾರೀ ಕಸರತ್ತಿನ ಮರುದಿನ ಅದು ತುಸು ಏರಿದರೆ ಕಿಡ್ನಿ ಕೆಟ್ಟಿತೆಂದು ಅರ್ಥವಲ್ಲ. ರಕ್ತಪರೀಕ್ಷೆಯ ಹಿಂದಿನ ದಿನ ಮಾತ್ರ ಹೆಚ್ಚು ಶ್ರಮ ಬೇಡ. ಆದರೂ ಅನುಮಾನ ಉಳಿದರೆ ಕಿಡ್ನಿಯ ಕೆಲಸ ಅಳೆಯುವ ಇನ್ನೊಂದು ರಕ್ತಪರೀಕ್ಷೆಯಾದ ಸಿಸ್ಟಾಟಿನ್ ಸಿ ಮಾಡಿಸಬಹುದು. ಅದು ಸ್ನಾಯುವಿನ ಗಾತ್ರವನ್ನು ಅಷ್ಟಾಗಿ ಅವಲಂಬಿಸಿಲ್ಲ.

ವ್ಯಾಯಾಮದಿಂದ ಮೂಳೆಯ ಸಾಂದ್ರತೆ ತುಂಬಾ ಹೆಚ್ಚುತ್ತದೆಂದು ನಾನು ಆಸೆ ಹುಟ್ಟಿಸುವುದಿಲ್ಲ. ಕಿಡ್ನಿ ರೋಗಿಗಳಲ್ಲಿ ಅದಕ್ಕೆ ಪುರಾವೆ ತೆಳು. ಆದರೆ ಸೊಂಟದ ಮೂಳೆ ಮುರಿಯುವುದು ಬಹುಪಾಲು ಬಿದ್ದಾಗ. ಕಾಲಿನ ಬಲ, ಸಮತೋಲನ ಸುಧಾರಿಸಿದರೆ ಬೀಳುವುದು ಕಡಿಮೆಯಾಗುತ್ತದೆ. ನಿಮಗೆ ಬೇಕಿರುವುದೂ ಅದೇ. ಕಿಡ್ನಿ ಚಿಕಿತ್ಸೆಯ ಅಂತರರಾಷ್ಟ್ರೀಯ ಕೆಡಿಗೊ ಮಾರ್ಗಸೂಚಿ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಹೇಳುತ್ತದೆ, ಅದೂ ಅವರವರ ಹೃದಯ ಮತ್ತು ದೇಹಕ್ಕೆ ತಾಳುವಷ್ಟು. ಮಾತಾಡಲು ಬರುವಷ್ಟು ಉಸಿರಿರಲಿ, ಹಾಗೆ ಚುರುಕಾಗಿ ನಡೆಯಿರಿ. ವಾರದಲ್ಲಿ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು ಸೇರಿಸಿ. ಬೆನ್ನುಮೂಳೆ ಹಿಂದೆ ಮುರಿದಿದ್ದರೆ ಮುಂದಕ್ಕೆ ಬಾಗಿ ತಿರುಚುವ ಭಂಗಿಗಳು ಬೇಡ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ.

ಜಿಮ್‌ಗೆ ಹೋಗುವವರು ಕೊಡುವ ಪ್ರೋಟೀನ್ ಪುಡಿ, ಸ್ನಾಯು ಬೆಳೆಸಲೆಂದು ತಿನ್ನುವ ಕ್ರಿಯಾಟಿನ್ ಪುಡಿ ಮುಟ್ಟಬೇಡಿ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವ ಅಭ್ಯಾಸವಿದ್ದರೆ ಇಂದೇ ಬಿಡಿ. ನಿಮ್ಮ ಕಿಡ್ನಿಗೆ ವ್ಯಾಯಾಮಕ್ಕಿಂತ ಆ ಮಾತ್ರೆಗಳೇ ಹೆಚ್ಚು ಅಪಾಯ.