ಎರಡನೇ ಕಿಟಕಿಯ ಸುತ್ತಲಿನ ಸಂದಿಗೆ ವಾಲ್ ಪುಟ್ಟಿ ತುಂಬಬಹುದೇ?

ರಸ್ತೆಯ ಶಬ್ದ ತಡೆಯಲೆಂದು ಹಳೆಯ ಕಿಟಕಿಯ ಒಳಬದಿಗೆ ಇನ್ನೊಂದು ಗಾಜಿನ ಕಿಟಕಿ ಕೂರಿಸಿದ್ದೀರಿ, ಅದರ ಚೌಕಟ್ಟಿಗೂ ಗೋಡೆಗೂ ನಡುವೆ ಕೆಲವೆಡೆ 4, ಕೆಲವೆಡೆ 12 ಮಿಲಿಮೀಟರ್ ಸಂದು ಉಳಿದಿದೆ, ಪೇಂಟರ್ ವಾಲ್ ಪುಟ್ಟಿ ತುಂಬಿ ಬಣ್ಣ ಹೊಡೆಯುತ್ತೇನೆ ಎನ್ನುತ್ತಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಒಪ್ಪಬೇಡಿ. ಮೈಸೂರು ರಸ್ತೆಗೆ ಮುಖ ಮಾಡಿರುವ ನಮ್ಮ ಮಲಗುವ ಕೋಣೆಯಲ್ಲಿ ನಾನು ಇದೇ ತಪ್ಪು ಮಾಡಿಸಿದ್ದೆ. ಪುಟ್ಟಿ ಒಣಗಿದರೆ ಗಡುಸಾಗುತ್ತದೆ. ಯುಪಿವಿಸಿ (ಗಡುಸು ಪ್ಲಾಸ್ಟಿಕ್) ಅಥವಾ ಅಲ್ಯೂಮಿನಿಯಂ ಚೌಕಟ್ಟಾದರೋ ಬಿಸಿಲಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗುತ್ತದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಚೌಕಟ್ಟಿನ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಮೂಡಿ, ಲಾರಿಗಳ ಹಾರನ್ ಮತ್ತೆ ಸ್ಪಷ್ಟವಾಗಿ ಕೇಳತೊಡಗಿತು. ಗಾಳಿ ನುಸುಳುವ ಕಡೆ ಶಬ್ದವೂ ನುಸುಳುತ್ತದೆ. ಕಿಟಕಿಯ ವಿಸ್ತೀರ್ಣದಲ್ಲಿ ಶೇಕಡ 1ರಷ್ಟು ತೆರಪು ಉಳಿದರೂ ಸಾಕು, ಗಾಜು ಎಷ್ಟೇ ದಪ್ಪವಿರಲಿ, ಅದು ಸುಮಾರು 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು.

ಅಗಲವಾದ ಸಂದಿಗೆ ಮೊದಲು ಬ್ಯಾಕರ್ ರಾಡ್ ತುರುಕಿ. ಇದು ನೀರು ಹೀರದ ಫೋಮ್‌ನಿಂದ ಮಾಡಿದ ದುಂಡನೆಯ ಹಗ್ಗ. ಸಂದಿಗಿಂತ ಕಾಲುಭಾಗ ಹೆಚ್ಚು ದಪ್ಪವಿರುವುದನ್ನು, ಅಂದರೆ 12 ಮಿಲಿಮೀಟರ್ ಸಂದಿಗೆ 15ರದ್ದನ್ನು ತೆಗೆದುಕೊಳ್ಳಿ. ಅದರ ಮೇಲೆ ಬಳಿಯುವ, ಒಣಗಿದರೂ ರಬ್ಬರಿನಂತೆ ಹಿಗ್ಗುವ ಸಿಲಿಕಾನ್ ಸೀಲೆಂಟ್ ಚೌಕಟ್ಟಿಗೂ ಗೋಡೆಗೂ ಮಾತ್ರ ಅಂಟಬೇಕು. ಹಿಂಬದಿಗೂ ಅಂಟಿಕೊಂಡರೆ ಹಿಗ್ಗಲು ಆಸ್ಪದವಿಲ್ಲದೆ ಸೀಳುತ್ತದೆ. ಸಿಲಿಕಾನ್ 6 ಮಿಲಿಮೀಟರ್ ಆಳವಿದ್ದರೆ ಸಾಕು. 4 ಮಿಲಿಮೀಟರ್ ಸಂದಿಗೆ ರಾಡ್ ಬೇಡ, ಧೂಳು ತೆಗೆದು ನೇರವಾಗಿ ತುಂಬಿ. ಡಬ್ಬಿಯಿಂದ ಚಿಮ್ಮಿಸಿದಾಗ ಉಬ್ಬಿ ಗಟ್ಟಿಯಾಗುವ ಪಿಯು (ಪಾಲಿಯುರೆಥೇನ್) ಫೋಮ್ ಒಂದನ್ನೇ ನಂಬಬೇಡಿ: ಅದು ಹಗುರ, ಶಬ್ದಕ್ಕೆ ಸಾಕಾಗದು, ಅಳತೆ ಮೀರಿ ಉಬ್ಬಿದರೆ ತೆಳುವಾದ ಚೌಕಟ್ಟನ್ನೇ ಬಾಗಿಸಿ ಕಿಟಕಿಯ ಬಾಗಿಲು ಸರಿಯದಂತೆ ಮಾಡುತ್ತದೆ.

ಸಿಲಿಕಾನ್ ಕೊಳ್ಳುವಾಗ ಟ್ಯೂಬಿನ ಮೇಲೆ ‘ನ್ಯೂಟ್ರಲ್’ ಎಂದಿರುವುದನ್ನು ಖಚಿತಪಡಿಸಿಕೊಳ್ಳಿ. ವಿನಿಗರ್‌ನಂತೆ ಹುಳಿ ವಾಸನೆ ಬರುವ ಅಗ್ಗದ ಬಗೆಯಲ್ಲಿ ಆಮ್ಲವಿರುತ್ತದೆ. ಅದು ಸಿಮೆಂಟ್ ಗಾರೆಯೊಂದಿಗೆ ವರ್ತಿಸಿ ಹಿಡಿತ ಕಳೆದುಕೊಳ್ಳುತ್ತದೆ. ನಮ್ಮೂರಿನ ಕಿಟಕಿಗಳ ಕೆಳಗೆ ಸಾಮಾನ್ಯವಾಗಿ ಗ್ರಾನೈಟ್ ಇರುವುದರಿಂದ ಇನ್ನೊಂದು ಎಚ್ಚರಿಕೆ ಅಗತ್ಯ: ಕೆಲವು ಸಿಲಿಕಾನ್‌ಗಳ ಎಣ್ಣೆಯಂಶ ಕಲ್ಲಿಗೆ ಇಳಿದು, ಒರೆಸಿದರೂ ಹೋಗದ ಕಪ್ಪು ಅಂಚು ಉಳಿಸುತ್ತದೆ, ಹಾಗಾಗಿ ಕಲ್ಲಿಗೆ ಕಲೆ ಮಾಡದ ಬಗೆಯನ್ನೇ ಕೇಳಿ ತನ್ನಿ. ಸಿಲಿಕಾನ್ ಮೇಲೆ ಬಣ್ಣ ನಿಲ್ಲುವುದಿಲ್ಲವಾದ್ದರಿಂದ ಗೋಡೆಯ ಬಣ್ಣ ಮೊದಲು ಮುಗಿಯಲಿ. ನಂತರ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಒಂದೇ ಎಳೆತದಲ್ಲಿ ತುಂಬಿ, ಸೋಪಿನ ನೀರಿನಲ್ಲಿ ಅದ್ದಿದ ಬೆರಳಿನಿಂದ ನೇವರಿಸಿ, ಅದು ಹಸಿಯಿರುವಾಗಲೇ ಟೇಪ್ ಕಿತ್ತುಬಿಡಿ.

ಹೊರಗಿನ ಹಳೆಯ ಕಿಟಕಿಯ ಹಳಿಯಲ್ಲಿ ನೀರು ಹರಿದುಹೋಗಲು ಇರುವ ಸಣ್ಣ ತೂತುಗಳನ್ನು ಮಾತ್ರ ಮುಚ್ಚಬೇಡಿ. ಮುಚ್ಚಿದರೆ ಮಳೆನೀರು ಅಲ್ಲೇ ನಿಂತು ಎರಡು ಗಾಜುಗಳ ನಡುವೆ ಮಂಜು ಕಟ್ಟುತ್ತದೆ.

ಒಂದು ದಿನ ಒಣಗಲು ಬಿಟ್ಟು, ಫ್ಯಾನ್ ಆರಿಸಿ, ಹೊರಗೆ ಗಾಳಿಯಿರುವ ಹೊತ್ತಿನಲ್ಲಿ ಹೊರಗಿನ ಕಿಟಕಿ ತೆರೆದಿಟ್ಟು, ಒಳಗಿನ ಚೌಕಟ್ಟಿನ ಸುತ್ತ ಊದುಬತ್ತಿ ಹಿಡಿದು ನಿಧಾನವಾಗಿ ಸಾಗಿ. ಪರದೆಯ ಮರೆಯಲ್ಲಿರುವ ಮೇಲಂಚನ್ನು ಮರೆಯಬೇಡಿ. ನಮ್ಮಲ್ಲಿ ಹೊಗೆ ಓಲಾಡಿದ್ದು ಚೌಕಟ್ಟಿನ ಬಳಿಯಲ್ಲ, ಇಂಟರ್ನೆಟ್ ಕೇಬಲ್‌ಗೆಂದು ಮೂಲೆಯಲ್ಲಿ ಕೊರೆದಿದ್ದ ತೂತಿನ ಬಳಿ. ಕೇಬಲ್ ಸುತ್ತಲೂ ಸಿಲಿಕಾನ್ ತುಂಬಿದ ಮೇಲೆ ಹೊಗೆ ನೆಟ್ಟಗೆ ಮೇಲೇರಿತು.