ಶಾಲೆ ಮುಂದಿನ ಹಂಪ್: ಪಾಲಿಕೆಯೋ, ಪೊಲೀಸರೋ?

ಬೆಂಗಳೂರಿನಲ್ಲಿ ಶಾಲೆ ಮುಂದೆ ಹಂಪ್ ಕೇಳಿದರೆ ಪೊಲೀಸರು ಪಾಲಿಕೆ ಅಂತಾರೆ, ಪಾಲಿಕೆಯವರು ಪೊಲೀಸರು ಅಂತಾರೆ, ಯಾರನ್ನು ಹಿಡಿಯೋದು ಅಂತ ಕೇಳಿದ್ದೀರಿ. ಇಬ್ಬರನ್ನೂ ಹಿಡಿಯಬೇಕು ಸಾರ್. ರಸ್ತೆ, ಹಂಪ್, ಫುಟ್‌ಪಾತ್ ಮಾಡಿಸುವುದು ಪಾಲಿಕೆ. ಸಂಚಾರ ನಿಯಂತ್ರಣ, ದಂಡ ಪೊಲೀಸರದ್ದು. ಪೊಲೀಸರು ರಾಜ್ಯದ ಗೃಹ ಇಲಾಖೆಯ ಕೆಳಗಿದ್ದಾರೆ, ಪಾಲಿಕೆಯ ಮಾತು ಅಲ್ಲಿ ನಡೆಯುವುದಿಲ್ಲ. ಗೋಳು ಶುರುವಾಗುವುದೇ ಇಲ್ಲಿ.

ಮೊದಲು ಸಂಚಾರ ಠಾಣೆಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಮನವಿ ಕೊಡಿ. ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಂಡು ವಾರ್ಡ್ ಎಂಜಿನಿಯರ್ ಹತ್ತಿರ ಹೋಗಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಐದು ಪಾಲಿಕೆಗಳಿವೆ. ನಿಮ್ಮದು ಯಾವುದು ಅಂತ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಸುಮ್ನೆ ಅಲೆದಾಟ.

ಮನವಿಯಲ್ಲಿ ಬರೀ 'ಹಂಪ್ ಬೇಕು' ಅಂತ ಬರೆಯಬೇಡಿ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಅಳತೆಯಲ್ಲೇ ಬೇಕು ಅನ್ನಿ: ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ. ಗಾಡಿಗಳು ಸುಮಾರು 25 ಕಿ.ಮೀ. ವೇಗಕ್ಕೆ ಇಳಿಯುತ್ತವೆ. ಬಣ್ಣದ ಪಟ್ಟಿ, ಎಚ್ಚರಿಕೆ ಬೋರ್ಡ್ ಕೂಡ ಕೇಳಿ. ರಾತ್ರೋರಾತ್ರಿ ಡಾಂಬರು ಗುಡ್ಡೆ ಹಾಕಿ ಹೋದರೆ ಸ್ಕೂಟರ್‌ನವರು ಬೀಳೋದೇ ಜಾಸ್ತಿ, ಅಲ್ವಾ?

ಮೋಟಾರು ವಾಹನ ಕಾಯ್ದೆಯ 198ಎ ಕಲಮನ್ನೂ ಹೆಸರಿಸಿ. ರಸ್ತೆಯ ವಿನ್ಯಾಸ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತವರಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ.